ಡಚ್ಚರ ಪುರಭವನ, ನಮ್ಮತ್ತೆಯ ಕುಂಕುಮ

ಮನೆ ಬಿಡುವ ಹೊತ್ತಿಗೆ ಬೆಳಗಿನ ಬಿಸಿಲೇ ಚುರುಗುಟ್ಟುತ್ತಿತ್ತು. ಆದರೂ ನಮ್ಮತ್ತೆ ಚಿಕ್ಕತಾಯಮ್ಮನವರ ಮೇಲೆ ಎರಡು ಸ್ವೆಟರು, ಒಂದು ಶಾಲು ಹೇರಿದೆ. ಜೂನ್ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವವರು ಮಾಗಿ ಚಳಿಗೆ ಹೊರಟಂತೆ ಹೊರಡಬೇಕು. ಇದನ್ನು ನಾನು ಇಲ್ಲಿಗೆ ಬಂದ ಮೊದಲ ವರ್ಷವೇ ಗಡಗಡ ನಡುಗಿ ಕಲಿತಿದ್ದೇನೆ.

“ಇದೇನಮ್ಮಿ ವೀಣಾ, ಹಿಂಗೆ ಸುತ್ತಾಕಿದ್ದೀಯೆ? ನಾನೇನು ಹಣ್ಣಿಗಿಟ್ಟ ಬಾಳೆಗೊನೆನಾ?” ಎಂದು ಅತ್ತೆ ಗೊಣಗಿದರು. ಗೊಣಗುತ್ತಲೇ ದೇವರ ಮನೆಗೆ ಹೋಗಿ, ಗಣಪತಿಯ ಪಕ್ಕದಲ್ಲಿ ನಿಲ್ಲಿಸಿದ್ದ ಒಂದು ಹೊಳೆಯುವ ಕಾಗದವನ್ನು ತೆಗೆದು ಕಣ್ಣಿಗೊತ್ತಿಕೊಂಡು ತಮ್ಮ ಕೈಚೀಲಕ್ಕೆ ಹಾಕಿಕೊಂಡರು. ಈ ಪ್ರವಾಸದ ಕಥೆಯಲ್ಲಿ ಆ ಕಾಗದಕ್ಕೆ ನನಗಿಂತ ಹೆಚ್ಚು ಕೆಲಸವಿದೆ. ಆದ್ದರಿಂದ ಮೊದಲು ಅದರ ಸಮಾಚಾರ ಹೇಳಿಬಿಡುತ್ತೇನೆ.

ನಾವಿರುವ ಊರು ಸನ್ನಿವೇಲ್ ರೈಲು ನಿಲ್ದಾಣಕ್ಕೆ ಕಾರಿನಲ್ಲಿ ಹತ್ತಿರ. ಹೆಸರು ಹೇಳುವುದಿಲ್ಲ, ಹೇಳಿದರೆ ನಮ್ಮ ನಗರಸಭೆಯವರಿಗೆ ಬೇಜಾರಾದೀತು. ಆ ನಗರಸಭೆ ಮನೆಮನೆಗೂ ಅಂಚೆಯಲ್ಲಿ ಒಂದು ಚಿತ್ರ ಕಳಿಸಿತ್ತು. ಮುಂದೆ ಕಟ್ಟಲಿರುವ ಹೊಸ ನಗರ ಕೇಂದ್ರದ ಚಿತ್ರ ಅದು. ಆಕಾಶಕ್ಕೆ ಮುಟ್ಟುವ ಗಾಜಿನ ಕಟ್ಟಡ, ಮುಂದೆ ಕಲ್ಲು ಹಾಸಿದ ವಿಶಾಲ ಚೌಕ, ಸಾಲು ಮರ, ಸೈಕಲ್ಲಿನ ಮೇಲೆ ಒಬ್ಬಳು ಹುಡುಗಿ, ಕಾಫಿ ಹಿಡಿದ ಜೋಡಿ, ಒಂದು ನಾಯಿ. ಇಷ್ಟು ಚಂದದ ಸರ್ಕಾರಿ ಕಾಗದವನ್ನು ನಾನಂತೂ ಈ ಜನ್ಮದಲ್ಲಿ ನೋಡಿರಲಿಲ್ಲ.

ಆದರೆ ಆ ಗಾಜಿನ ಕಟ್ಟಡ ಬರುವುದು ಈಗಿನ ಹಳೆಯ ಸಮುದಾಯ ಭವನದ ಜಾಗದಲ್ಲಿ. ಆ ಭವನದ ಹಿಂದುಗಡೆ ಒಂದು ರೂಮಿದೆ, ಅದಕ್ಕೆ ಹಿತ್ತಲ ಕಡೆಯಿಂದ ಹಸಿರು ಬಣ್ಣದ ಬಾಗಿಲು. ಪ್ರತಿ ಬುಧವಾರ ಹತ್ತು ಹನ್ನೆರಡು ಮಂದಿ ಹಿರಿಯ ಹೆಂಗಸರು ಅಲ್ಲಿ ಸೇರುತ್ತಾರೆ. ನಮ್ಮ ಮಂಡ್ಯ, ಹಾಸನದವರು, ಇಬ್ಬರು ಪಂಜಾಬಿನವರು, ಒಬ್ಬ ಚೀನಾದ ಅಜ್ಜಿ. ಹಾಡುತ್ತಾರೆ, ಬೀನ್ಸ್ ಸೋಸುತ್ತಾರೆ, ಸೊಸೆಯರನ್ನು ಬೈಯುತ್ತಾರೆ. ಚೀನಾದ ಅಜ್ಜಿ, ನಮ್ಮತ್ತೆ ಇಬ್ಬರಿಗೂ ಬರುವ ಭಾಷೆ ಒಂದೂ ಇಲ್ಲ, ಆದರೂ ಇಬ್ಬರೂ ಅಕ್ಕತಂಗಿಯರ ಹಾಗೆ. ಅತ್ತೆಗೆ ಕಾರು ಬಿಡಲು ಬರುವುದಿಲ್ಲ, ಇಂಗ್ಲಿಷ್ ಬರುವುದಿಲ್ಲ. ಅವರ ಪಾಲಿಗೆ ವಾರವೆಂದರೆ ಬುಧವಾರ, ಉಳಿದದ್ದೆಲ್ಲ ಅದಕ್ಕಾಗಿ ಕಾಯುವುದು. ಆ ರೂಮು ಹೋದರೆ ಅವರು ಹೋಗಲು ಬೇರೆ ಜಾಗವೇ ಇಲ್ಲ.

ಹೊಸ ಕಟ್ಟಡದಲ್ಲಿ ಆ ರೂಮು ಇದೆಯೋ ಇಲ್ಲವೋ? ಕಾಗದವನ್ನು ಹಿಂದೆ ಮುಂದೆ ಓದಿದೆ. “ಎಲ್ಲ ಪೀಳಿಗೆಗಳೂ ಬೆರೆಯುವ ತಾಣ” ಅಂತಿತ್ತು. ಆಫೀಸಿಗೆ ಫೋನು ಮಾಡಿದೆ. ಫೋನೆತ್ತಿದ ಹೆಣ್ಣುಮಗಳು ಜೇನಿನಂಥ ದನಿಯಲ್ಲಿ ಇದು ತುಂಬ ಎಕ್ಸೈಟಿಂಗ್ ಪ್ರಾಜೆಕ್ಟು ಅಂದಳು. ರೂಮಿನ ವಿಷಯ ಕೇಳಿದರೆ, ಫ್ಲೆಕ್ಸಿಬಲ್ ಸ್ಪೇಸ್ ಇರುತ್ತದೆ ಅಂದಳು. ಹಾಗೆಂದರೆ ಇದೆ ಅಂತಲೋ ಇಲ್ಲ ಅಂತಲೋ? ನನ್ನ ಗಂಡನನ್ನು ಕೇಳಿದರೆ, “ಅಷ್ಟು ದೊಡ್ಡ ಬಿಲ್ಡಿಂಗಲ್ಲಿ ಒಂದು ರೂಮು ಇರಲ್ವೇನೇ?” ಅಂತ ಲ್ಯಾಪ್‌ಟಾಪಿಗೆ ತಲೆ ಬಗ್ಗಿಸಿದರು. ನನ್ನ ತಲೆ ಗೊಜ್ಜಾಯಿತು.

ಅತ್ತೆಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. ಸರ್ಕಾರ ತಾನಾಗಿಯೇ ಮನೆಗೆ ಪಟ ಕಳಿಸಿದೆ, ಪಟ ಚೆನ್ನಾಗಿದೆ, ಅಂದಮೇಲೆ ಒಳ್ಳೆಯದೇ ಆಗುತ್ತದೆ. ಗಾಜಿನ ಕಟ್ಟಡಕ್ಕೆ ಕುಂಕುಮ ಹಚ್ಚಿ ದೇವರ ಮನೆಯಲ್ಲಿಟ್ಟಿದ್ದರು. ನಾವು ಹೊರಟ ದಿನ ಮಂಗಳವಾರ. ಸಂಜೆ ನಗರಸಭೆಯಲ್ಲಿ ಈ ಕಟ್ಟಡದ ಬಗ್ಗೆ ಚರ್ಚೆ, ಯಾರು ಬೇಕಾದರೂ ಎರಡು ನಿಮಿಷ ಮಾತಾಡಬಹುದು. ಬುಧವಾರದ ಹೆಂಗಸರ ಪರವಾಗಿ ಮಾತಾಡಲು ಎಲ್ಲರೂ ಸೇರಿ ನಮ್ಮತ್ತೆಯನ್ನೇ ಆರಿಸಿದ್ದರು. ಅತ್ತೆ ಅಲ್ಲಿ ಹೇಳಬೇಕೆಂದಿದ್ದದ್ದು ಒಂದೇ ಮಾತು: ತುಂಬ ಉಪಕಾರವಾಯಿತು ಸ್ವಾಮಿ. ಇಂಗ್ಲಿಷಿಗೆ ತಿರುಗಿಸಬೇಕಾದವಳು ನಾನು. ಆಫೀಸಿಗೆ ಫೋನು ಮಾಡಿದ್ದನ್ನು ಅವರಿಗೆ ಇನ್ನೂ ಹೇಳಿರಲಿಲ್ಲ.

ಅದೇ ದಿನ ಮಧ್ಯಾಹ್ನ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಪುಟ್ಟ ಗ್ಯಾಲರಿಯಲ್ಲಿ ನನ್ನ ಮಗಳು ಅನಘಾ ಮೊದಲ ಬಾರಿಗೆ ಜನರಿಗೆ ಚಿತ್ರಗಳನ್ನು ವಿವರಿಸುವವಳಿದ್ದಳು. ಕಾಲೇಜಿನಲ್ಲಿ ಕಲೆಯ ಚರಿತ್ರೆ ಓದುತ್ತಿದ್ದಾಳೆ. ಅದನ್ನು ಓದಿ ಏನು ಮಾಡುತ್ತಾಳೆ ಎಂದು ನೆಂಟರೆಲ್ಲ ಕೇಳಿ ಆಗಿದೆ. “ಮೊಮ್ಮಗಳು ಮೊದ್ಲು ಮಾತಾಡ್ಲಿ, ಸಾಯಂಕಾಲಕ್ಕೆ ನಾನು ಮಾತಾಡ್ತೀನಿ” ಎಂದು ಅತ್ತೆಯೇ ಹೊರಡಿಸಿದರು.

ಸನ್ನಿವೇಲ್ ನಿಲ್ದಾಣದಲ್ಲಿ ಕಾರು ಬಿಟ್ಟೆವು. ಅತ್ತೆಗೆ ಹಿರಿಯರ ಅರ್ಧ ಟಿಕೆಟ್ಟು. ಈಗ ಓಡುವುದು ಕರೆಂಟಿನ ಹೊಸ ರೈಲು, ಒಳಗೆ ಕೂತರೆ ಸದ್ದೇ ಇಲ್ಲ. “ಹೊರಟದೋ ಇಲ್ವೋ ಗೊತ್ತಾಗದಂಗೆ ಹೋಯ್ತದಲ್ಲ” ಎಂದು ಅತ್ತೆ ಅನುಮಾನದಿಂದ ಕಿಟಕಿಯಾಚೆ ನೋಡಿದರು. ಎದುರು ಸೀಟಿನ ಹುಡುಗ ಕಿವಿಗೆ ಏನೋ ಸಿಕ್ಕಿಸಿಕೊಂಡು ತನ್ನಷ್ಟಕ್ಕೆ ಮೀಟಿಂಗು ನಡೆಸುತ್ತಿದ್ದ. ಅತ್ತೆ ಅವನಿಗೂ ಒಂದು ಕೋಡುಬಳೆ ಕೊಟ್ಟರು. ಅವನು ಮೀಟಿಂಗು ನಿಲ್ಲಿಸದೆ ತಿಂದ.

ಸೌತ್ ಸ್ಯಾನ್ ಫ್ರಾನ್ಸಿಸ್ಕೋ ಬಂದಾಗ ಗುಡ್ಡದ ಮೈಮೇಲೆ ಬಿಳಿಯ ದೊಡ್ಡ ಅಕ್ಷರಗಳು ಕಂಡವು. ಏನು ಬರೆದಿದೆ ಎಂದು ಅತ್ತೆ ಕೇಳಿದರು. “ಊರಿನ ಹೆಸರು ಅತ್ತೆ, ಕೆಳಗೆ ಕೈಗಾರಿಕಾ ನಗರ ಅಂತ ಬರೆದಿದೆ.”

“ಊರಿನ ಹೆಸರ ಬೆಟ್ಟದ ಮೇಲೆ ಬರ್ಕಂಡವ್ರಾ? ಇವ್ರೇನು ಮರ್ತೋಯ್ತಾರಾ?”

“ಈಗ ಕೈಗಾರಿಕೆ ಅಷ್ಟಿಲ್ಲ. ಔಷಧಿ ಕಂಪನಿಗಳೇ ಜಾಸ್ತಿ.”

“ಮತ್ತೆ ಹಂಗೇ ಬಿಟ್ಟವ್ರೆ?” ಅಂದರು. ಇಪ್ಪತ್ತು ವರ್ಷ ಆ ಗುಡ್ಡದ ಮುಂದೆ ಹೋಗಿ ಬಂದು ಮಾಡಿದರೂ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ.

ಕೊನೆಯ ನಿಲ್ದಾಣದಲ್ಲಿ ಇಳಿದಾಗ ಮಂಜು, ಗಾಳಿ. ಅತ್ತೆ ಎರಡನೇ ಸ್ವೆಟರಿನ ಗುಂಡಿ ತಾವೇ ಹಾಕಿಕೊಂಡರು. ಟ್ರಾಮು ಹತ್ತಿದೆವು. ನಾನು ಗಡಿಬಿಡಿಯಲ್ಲಿ ಒಂದು ಸ್ಟಾಪು ಮೊದಲೇ ಇಳಿಸಿ, ಗಾಳಿಗೆ ಎದುರಾಗಿ ನಡೆಸಿಕೊಂಡು ಹೋದೆ. ಅತ್ತೆ ಉದ್ದಕ್ಕೂ ಬೈದರು. ಒಂದು ತಿರುವಿನಲ್ಲಿ ಮಾತ್ರ ಬೈಗುಳ ಅರ್ಧಕ್ಕೇ ನಿಂತುಹೋಯಿತು. ಎದುರಿಗೆ ಸ್ಯಾನ್ ಫ್ರಾನ್ಸಿಸ್ಕೋದ ಸಿಟಿ ಹಾಲ್, ಅದರ ಚಿನ್ನದ ಅಂಚಿನ ಗುಮ್ಮಟ. ಅತ್ತೆ ರಸ್ತೆಯಲ್ಲೇ ಕೈ ಮುಗಿದರು.

“ವಿಧಾನಸೌಧ!”

ಹುಲ್ಲಿನ ಪಕ್ಕದ ಬೆಂಚಿನಲ್ಲಿ ಕೂತು ಪುಳಿಯೋಗರೆ ಬಿಚ್ಚಿದೆವು. ಸಮುದ್ರದ ಹಕ್ಕಿಯೊಂದು ಡಬ್ಬಿಯ ಕಡೆಗೇ ಕಣ್ಣು ನೆಟ್ಟು ನಿಂತಿತು. ಅತ್ತೆ ತಮ್ಮ ತವರಿನ ಮಾತು ತೆಗೆದರು. ಮಂಡ್ಯದ ಹತ್ತಿರದ ಅವರ ಮನೆಯಲ್ಲಿ ಒಂದು ಕ್ಯಾಲೆಂಡರ್ ಇತ್ತಂತೆ, ಮೇಲೆ ವಿಧಾನಸೌಧದ ಚಿತ್ರ. ವರ್ಷ ಮುಗಿದ ಮೇಲೆ ಅವರಪ್ಪ ತಾರೀಖಿನ ಭಾಗ ಕತ್ತರಿಸಿ, ಚಿತ್ರಕ್ಕೆ ಕಟ್ಟು ಹಾಕಿಸಿ, ವೆಂಕಟರಮಣನ ಪಕ್ಕ ನೇತುಹಾಕಿದರು. ಸರ್ಕಾರದ ಕೆಲಸ ದೇವರ ಕೆಲಸ ಅಂತ ಅಲ್ಲಿ ಕಲ್ಲಲ್ಲೇ ಕೆತ್ತಿದ್ದಾರೆ, ಆದ್ದರಿಂದ ಅದೂ ದೇವರೇ ಎಂಬುದು ಅಪ್ಪನ ವಾದ. ದಿನಾ ಅದಕ್ಕೂ ಒಂದು ಹೂವು.

“ಆಮೇಲೆ ಯಾವಾಗಾದರೂ ನೋಡಿದ್ರಾ ಅತ್ತೆ, ನಿಜವಾದದ್ದನ್ನ?”

“ನೋಡ್ದೆ. ಮದ್ವೆ ಆದ್ಮೇಲೆ ನಿಮ್ಮಾವ ಕರ್ಕೊಂಡೋಗಿದ್ರು. ಕಂಬಿ ಆಚೆಯಿಂದ. ಪೊಲೀಸಪ್ಪ ಒಳಕ್ಕೆ ಬುಡ್ನಿಲ್ಲ.” ಡಬ್ಬಿಯ ಮುಚ್ಚಳ ಹಾಕುತ್ತಾ, “ಪಟದಲ್ಲಿ ಕಂಬಿ ಇರ್ನಿಲ್ಲ” ಅಂದರು.

ಗ್ಯಾಲರಿ ಇದ್ದದ್ದು ಹಳೆಯ ಬ್ಯಾಂಕಿನ ಕಟ್ಟಡದ ಎರಡನೇ ಮಹಡಿಯಲ್ಲಿ. ಅನಘಾ ಕಪ್ಪು ಪ್ಯಾಂಟು ಹಾಕಿಕೊಂಡು, ಕೊರಳಲ್ಲಿ ಗುರುತಿನ ಚೀಟಿ ತೂಗಿಸಿಕೊಂಡು ನಿಂತಿದ್ದಳು. ನಮ್ಮನ್ನು ಕಂಡು, “ಅಮ್ಮಾ, ಪ್ಲೀಸ್, ಫೋಟೋ ಬೇಡ” ಎಂದಳು. ನಾನು ಫೋನು ಒಳಗಿಟ್ಟೆ. ಅಜ್ಜಿಗೆ ಮಾತ್ರ ಒಂದು ಮಡಚುವ ಕುರ್ಚಿ ತಂದುಕೊಟ್ಟಳು.

ಗೋಡೆಯ ಮೇಲಿದ್ದುದೆಲ್ಲ ಡಚ್ಚರ ನಗರಗಳ ಮುದ್ರಿತ ಚಿತ್ರಗಳು. ತಾಮ್ರದ ತಗಡಿನ ಮೇಲೆ ಕೊರೆದು, ಮಸಿ ತುಂಬಿ, ಕಾಗದಕ್ಕೆ ಒತ್ತಿದ್ದು. ಒಂದೇ ತಗಡಿನಿಂದ ರಾಶಿ ರಾಶಿ ಪ್ರತಿ ತೆಗೆಯಬಹುದಾದ್ದರಿಂದ, ತೈಲಚಿತ್ರ ಕೊಳ್ಳಲಾಗದ ಮನೆಯಲ್ಲೂ ಇವು ಗೋಡೆ ಏರಿದವಂತೆ. ಆ ನಗರಗಳನ್ನು ಆಳುತ್ತಿದ್ದವರು ವ್ಯಾಪಾರಿಗಳು. ರಾಜನ ಅರಮನೆಗೆ ಸಮನಾಗಿ ಅವರು ಪುರಭವನ ಕಟ್ಟಿಸಿದರು. ಕಟ್ಟಡ ಇದ್ದದ್ದು ಒಂದೇ ಊರಿನಲ್ಲಿ, ಅದರ ಚಿತ್ರ ಮಾತ್ರ ಊರೂರು ತಿರುಗಿತು. ಕಟ್ಟಡವನ್ನು ಕಣ್ಣಾರೆ ಕಾಣದವರೂ ಆಳುವವರೆಂದರೆ ಹೀಗೆ, ಇಷ್ಟು ಗಟ್ಟಿ, ಇಷ್ಟು ಅಚ್ಚುಕಟ್ಟು ಎಂದು ನಂಬಿದರು. ಇದೆಲ್ಲ ಅನಘಾ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು. ನಾನು ಅತ್ತೆಯ ಕಿವಿಯಲ್ಲಿ ಕನ್ನಡ ಉಸುರುತ್ತಾ ಬಂದೆ. ನಮ್ಮ ಹುಡುಗಿ ಇಷ್ಟು ಬುದ್ಧಿವಂತೆಯೇ ಎಂದು ಒಳಗೊಳಗೇ ಬೀಗಿದೆ.

ಎಲ್ಲಕ್ಕಿಂತ ದೊಡ್ಡ ಚಿತ್ರದ ಮುಂದೆ ಗುಂಪು ನಿಂತಿತು. ವಿಶಾಲ ಚೌಕ, ಹಿಂದೆ ಪುರಭವನ, ಪಕ್ಕದಲ್ಲಿ ಚರ್ಚು, ಚರ್ಚಿಗೆ ಎತ್ತರದ ಗೋಪುರ. ಚೌಕದ ತುಂಬ ಇರುವೆಯಷ್ಟು ಜನ: ಮೀನು ಮಾರುವವಳು, ಭಿಕ್ಷುಕ, ಮಾತಾಡುತ್ತ ನಿಂತ ಗಂಡಸರು, ನಾಯಿ. ಅನಘಾ ಬೆನ್ನು ತಿರುಗಿಸಿ ಮುಂದಿನ ಚಿತ್ರದ ಕಡೆಗೆ ಕೈ ತೋರಿಸುತ್ತಿದ್ದಳು. ಅತ್ತೆ ಕುರ್ಚಿಯಿಂದ ಎದ್ದವರೇ ಹೋಗಿ, ಪುರಭವನದ ಗಾಜನ್ನು ಬೆರಳಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡರು.

ಕೀ ಕೀ ಕೀ ಎಂದು ಗೋಡೆ ಅರಚಿತು. ಕಾವಲಿನವನು ಓಡಿಬಂದ. ಇಡೀ ಗುಂಪು ನಮ್ಮನ್ನೇ ನೋಡಿತು.

“ಅಜ್ಜಿ! ಡೋಂಟ್ ಟಚ್!” ಅನಘಾಳ ಮುಖ ಕೆಂಪೇರಿತು.

“ಮುಟ್ನಿಲ್ಲ ಕಣಮ್ಮಿ, ನಮಸ್ಕಾರ ಮಾಡ್ದೆ” ಎಂದರು ಅತ್ತೆ.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ನನ್ನ ಮಗಳು ಗುಂಪಿನ ಕಡೆ ತಿರುಗಿ, ನನ್ನ ಅಜ್ಜಿ ಈಗ ಮಾಡಿದ್ದನ್ನೇ ಜನ ಮಾಡಲಿ ಎಂದು ಈ ಚಿತ್ರವನ್ನು ಮಾಡಿದ್ದು ಅಂದಳು. ಎಲ್ಲರೂ ನಕ್ಕರು. ಕಾವಲಿನವನೂ ನಕ್ಕ. ಅಬ್ಬಾ ಎಂದುಕೊಂಡೆ.

ಆಮೇಲೆ ಅವಳು ಅಜ್ಜಿಯ ಪಕ್ಕವೇ ನಿಂತು, ತನ್ನ ಮುರುಕು ಕನ್ನಡದಲ್ಲಿ ತೋರಿಸತೊಡಗಿದಳು. “ಅಜ್ಜಿ, ಈ ಟವರ್ ನೋಡು. ಇದು ಇಲ್ಲ. ಐ ಮೀನ್, ಇದನ್ನ ಕಟ್ಟಲೇ ಇಲ್ಲ. ಪ್ಲಾನ್ ಇತ್ತು, ಅವರು ಚಿತ್ರದಲ್ಲಿ ಹಾಕಿಬಿಟ್ರು.”

“ಇಲ್ದೆ ಇರೋದ ಬರ್ದವ್ರಾ?”

“ಹೂಂ. ಮತ್ತೆ ಈ ಸ್ಕ್ವೇರ್. ಇಲ್ಲೆಲ್ಲ ಮೊದಲು ಮನೆ ಇತ್ತು. ಸಿಟಿ ಹಾಲ್ ಕಟ್ಟೋಕೆ ಒಡೆದ್ರು.”

“ಆ ಮನೆಯೋರು ಎಲ್ಲೋದ್ರು?”

ಅನಘಾ ಚಿತ್ರದ ಕಡೆಗೆ ಬಗ್ಗಿದಳು. “ಗೊತ್ತಿಲ್ಲ ಅಜ್ಜಿ. ಅದನ್ನ ಯಾರೂ ಡ್ರಾ ಮಾಡ್ಲಿಲ್ಲ.”

ನಾನು ಮಧ್ಯೆ ಬಾಯಿ ಹಾಕಿದೆ. “ಹಾಗಾದ್ರೆ ಈ ಪುಟ್ಟ ಪುಟ್ಟ ಜನ ಯಾಕೆ? ಬರೀ ಬಿಲ್ಡಿಂಗ್ ಬರೆದಿದ್ರೆ ಆಗ್ತಿತ್ತಲ್ಲ.”

“ಕೊಂಡುಕೊಳ್ಳೋರಿಗೆ, ಓ, ನಾನೂ ಇಲ್ಲಿದೀನಿ, ಇದು ನನ್ನ ಸಿಟಿ ಅನ್ನಿಸ್ಬೇಕು ಅಲ್ವಾ ಅಮ್ಮಾ.”

“ಅಂದ್ರೆ ಮೋಸ ಅಂತೀಯಾ? ಹೊಗಳಿಕೆ ಅಂತೀಯಾ?”

“ಬೋತ್” ಎಂದು ಭುಜ ಕುಣಿಸಿ ಮುಂದಿನ ಚಿತ್ರಕ್ಕೆ ಹೋದಳು. ಈ ಬೋತ್ ಎಂಬ ಉತ್ತರ ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ. ಎರಡೂ ಎಂದರೆ ನಾವು ನಂಬಬೇಕಾದ್ದು ಯಾವುದನ್ನು? ಮತ್ತೆ ಆ ಚಿತ್ರದ ಹತ್ತಿರ ಹೋಗಿ, ದೂರ ನಿಂತು, ಎರಡು ಕಡೆಯಿಂದಲೂ ನೋಡಿದೆ. ಚಂದವೇ ಇತ್ತು. ಗೋಪುರ ಸುಳ್ಳು ಎಂದು ಗೊತ್ತಾದ ಮೇಲೂ ಚಂದವೇ ಇತ್ತು.

ಸಂಜೆಯ ಸಭೆಗೆ ತಲುಪಬೇಕೆಂದು ನಾಲ್ಕು ಗಂಟೆಯ ಹೊತ್ತಿಗೇ ವಾಪಸು ರೈಲು ಹಿಡಿದೆವು. ಅತ್ತೆ ಮೊಮ್ಮಗಳ ಗುಣಗಾನ ಮಾಡಬಹುದೆಂದು ಕಾದೆ. ಬೆಟ್ಟದ ಅಕ್ಷರಗಳು ಹಿಂದೆ ಸರಿದ ಮೇಲೆ ಅವರು ಚೀಲದಿಂದ ನಗರಸಭೆಯ ಕಾಗದ ತೆಗೆದು ತೊಡೆಯ ಮೇಲೆ ಹರಡಿಕೊಂಡರು, ಕನ್ನಡಕ ಏರಿಸಿದರು.

“ಹುಡ್ಗಿ ಅವ್ಳೆ, ಸೈಕಲ್ ಅದೆ, ನಾಯಿ ಅದೆ. ಮುದುಕ್ರು ಒಬ್ರೂ ಇಲ್ವಲ್ಲ ವೀಣಾ.”

ನಾನು ಬಗ್ಗಿ ನೋಡಿದೆ. ಹೌದು, ಒಬ್ಬರೂ ಇರಲಿಲ್ಲ.

“ನಮ್ಮ ರೂಮಿನ ಬಾಗ್ಲು ಎಲ್ಲದೆ?”

“ಒಳಗೆಲ್ಲೋ ಇರುತ್ತೆ ಅತ್ತೆ. ಚಿತ್ರದಲ್ಲಿ ಎಲ್ಲಾನೂ ತೋರಿಸಲ್ಲ.”

ಅತ್ತೆ ಕನ್ನಡಕದ ಮೇಲಿಂದ ನನ್ನನ್ನು ದಿಟ್ಟಿಸಿದರು. “ಬರ್ದಿದ್ದ ಗೋಪುರಾನೇ ಕಟ್ನಿಲ್ಲ ಅಂದ್ಲಲ್ಲ ನಿನ್ ಮಗಳು. ಬರೀದೆ ಇರೋ ರೂಮ ಕಟ್ತಾರಾ?”

ಎರಡು ವಾರದಿಂದ ನಾನು ಮುಚ್ಚಿಟ್ಟುಕೊಂಡಿದ್ದದ್ದು ಆಗ ಹೊರಬಂತು. ಫೋನು ಮಾಡಿದ್ದು, ಫ್ಲೆಕ್ಸಿಬಲ್ ಎಂದದ್ದು, ನನಗೆ ಏನೂ ಅರ್ಥವಾಗಿಲ್ಲ ಎಂಬುದು, ಎಲ್ಲವನ್ನೂ ಹೇಳಿದೆ. ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾಗದವನ್ನು ಮಡಚಿ, ಆ ಮಡಿಕೆಯನ್ನು ಉಗುರಿನಿಂದ ಉಜ್ಜುತ್ತಾ ಕೂತರು. “ಉಪ್ಕಾರ ಆಯ್ತು ಅನ್ನಕ್ಕೆ ಹೊರ್ಟಿದ್ನಲ್ಲ ನಾನು” ಎಂದರು. ನನಗೆ ಅಳು ಬಂತು. ಸಭೆ ಬೇಡ, ಮನೆಗೆ ಹೋಗೋಣ ಎಂದೆ. “ಅದ್ಯಾಕೆ? ಹೋಗ್ಲೇಬೇಕು” ಎಂದರು.

ನಗರಸಭೆಯ ಹಾಲಿನಲ್ಲಿ ಏಸಿ ಎಷ್ಟಿತ್ತೆಂದರೆ ಮಂಜು ಸುರಿಯುವ ಸ್ಯಾನ್ ಫ್ರಾನ್ಸಿಸ್ಕೋ ವಾಸಿ. ಎತ್ತರದ ಕಟ್ಟೆಯ ಹಿಂದೆ ಐವರು ಸದಸ್ಯರು ಕೂತಿದ್ದರು. ಅವರ ಹಿಂದಿನ ಗೋಡೆಯ ತುಂಬ ಅದೇ ಗಾಜಿನ ಕಟ್ಟಡದ ಚಿತ್ರ. ಅತ್ತೆಯ ಹೆಸರನ್ನು ಹೇಗೆ ಕೂಗುವುದೆಂದು ತಿಳಿಯದೆ ಗುಮಾಸ್ತೆ ಮೂರು ಸಲ ಒದ್ದಾಡಿದಳು. ನಾವು ಮೈಕಿನ ಮುಂದೆ ನಿಂತೆವು. ಹಸಿರು ದೀಪ ಹತ್ತಿತು.

“ನಮಸ್ಕಾರ” ಎಂದರು ಅತ್ತೆ, ಕೈ ಮುಗಿದು. “ಪಟ ಚೆನ್ನಾಗದೆ. ನಾನು ದೇವ್ರ ಮನೇಲಿ ಮಡಗಿದ್ದೆ. ಇದ್ರಲ್ಲಿ ನಾಯಿಗೆ ಜಾಗ ಅದೆ, ನಮ್ಗೆ ಕಾಣೆ. ಬುಧ್ವಾರ ನಾವು ಎಲ್ಲಿ ಕೂರಾದು?”

ನಾನು ಇಂಗ್ಲಿಷಿಗೆ ತಿರುಗಿಸಿದೆ. ನಾಯಿಯ ಮಾತನ್ನು ಬಿಡೋಣವೇ ಎಂದು ಯೋಚಿಸಿ, ಬಿಡದೆ ಹೇಳಿದೆ. ಅತ್ತೆ ಕಾಗದ ಬಿಚ್ಚಿ ಎತ್ತಿ ಹಿಡಿದರು. ನಡುವೆ ಕೂತಿದ್ದ ಅಧ್ಯಕ್ಷೆ ಮುಂದೆ ಬಗ್ಗಿ, ಆ ಕೆಂಪು ಗುರುತು ಏನು, ರೂಮು ಅಲ್ಲಿ ಬೇಕೆಂದು ಗುರುತು ಹಾಕಿದ್ದೀರಾ ಎಂದು ಕೇಳಿದರು.

“ಅಲ್ಲ. ಪೂಜೆ ಮಾಡಿದ್ದು. ಸರ್ಕಾರದ ಕೆಲಸ ದೇವರ ಕೆಲಸ ಅಲ್ವಾ?”

ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ನಗರಸಭೆಯ ಕಾಗದಕ್ಕೆ ಪೂಜೆ ಮಾಡಿದ್ದಾರೆ ಎಂದರೆ ಏನು ತಿಳಿದುಕೊಂಡಾರು? ಇದು ಒಂದು ಆಶೀರ್ವಾದ ಎಂದುಬಿಟ್ಟೆ. ಹಾಲಿನ ತುಂಬ ಓ ಎಂಬ ಮೆಚ್ಚುಗೆ ಎದ್ದಿತು. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಹೆಂಗಸು ಕಣ್ಣೊರೆಸಿಕೊಂಡಳು. ಅಧ್ಯಕ್ಷೆ ಎದೆಯ ಮೇಲೆ ಕೈಯಿಟ್ಟು, ನಿಮ್ಮ ಮಾತು ನಮ್ಮೆಲ್ಲರ ಮನಸ್ಸಿಗೆ ತಟ್ಟಿತು, ಖಂಡಿತ ಗಮನಿಸುತ್ತೇವೆ, ತೀರ್ಮಾನ ಮುಂದಿನ ಸಭೆಗೆ ಎಂದರು. ಕೆಂಪು ದೀಪ ಹತ್ತಿತು. ನಗರಸಭೆಯ ಛಾಯಾಗ್ರಾಹಕ ಅತ್ತೆಯನ್ನು ನಿಲ್ಲಿಸಿ ಫೋಟೋ ತೆಗೆದುಕೊಂಡ.

ಕಾರಿನಲ್ಲಿ ಅತ್ತೆ ಕೇಳಿದರು: “ಕೇಳುಸ್ಕಂಡ್ರು ಅಲ್ವಾ?”

“ಕೇಳಿಸ್ಕೊಂಡ್ರು ಅತ್ತೆ.”

“ರೂಮು ಇದೆ ಅಂದ್ರಾ?”

“ಇದೆ ಅನ್ನಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ.” ಗೆದ್ದೆವೋ ಸೋತೆವೋ ನನಗೆ ತಿಳಿಯಲಿಲ್ಲ. ಗೆದ್ದಂತೆ ಚಪ್ಪಾಳೆಯಂತೂ ಬಿದ್ದಿತ್ತು. ಮನೆ ಮುಟ್ಟಿ ಉಳಿದ ಪುಳಿಯೋಗರೆ ತಿಂದು ಮಲಗಿದೆವು.

ಪ್ರವಾಸ ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಕೆಲವು ವಾರಗಳ ಮೇಲೆ ಅಂಚೆಯಲ್ಲಿ ಹೊಸ ಕಾಗದ ಬಂತು. ಅದೇ ಗಾಜಿನ ಕಟ್ಟಡ, ಅದೇ ಚೌಕ, ಅದೇ ನಾಯಿ. ಆದರೆ ಮುಂದಿನ ಬೆಂಚಿನಲ್ಲಿ ಈಗ ಒಬ್ಬ ಅಜ್ಜಿ ಕೂತಿದ್ದಳು. ಸೀರೆ, ಮೇಲೆ ಸ್ವೆಟರು, ಶಾಲು. ಹಣೆಯಲ್ಲಿ ಕುಂಕುಮ. ನಗುತ್ತಿದ್ದಳು.

ನನ್ನ ಗಂಡ ಕುಣಿದಾಡಿಬಿಟ್ಟರು. “ಅವ್ವಾ, ನೀನೇ! ಫ್ರೇಮ್ ಹಾಕಿಸ್ತೀನಿ!” ಎಂದರು. ನನಗೂ ಮೊದಲು ಖುಷಿಯೇ ಆಯಿತು, ಸುಳ್ಳೇಕೆ ಹೇಳಲಿ. ಅನಘಾಳಿಗೆ ಫೋನಿನಲ್ಲಿ ಕಳಿಸಿದೆ. ಅವಳಿಂದ “ಓ ನೋ, ಅಮ್ಮಾ” ಎಂದಷ್ಟೇ ಬಂತು.

ಅತ್ತೆ ಕಾಗದವನ್ನು ಕಿಟಕಿಯ ಬೆಳಕಿಗೆ ಒಯ್ದರು. ಹತ್ತಿರ ಹಿಡಿದು ನೋಡಿದರು, ಹಿಂದೆ ತಿರುಗಿಸಿದರು, ಮತ್ತೆ ಮುಂದೆ ತಿರುಗಿಸಿದರು.

“ನನ್ನ ಕೂರ್ಸವ್ರೆ” ಎಂದರು. “ಸೀರೆ ಬಣ್ಣಾನೂ ಸರ್ಯಾಗದೆ. ಬಾಗ್ಲು ಎಲ್ಲಮ್ಮಿ?”

ನಾನು ಹುಡುಕಿದೆ. ಎಲ್ಲೂ ಇರಲಿಲ್ಲ.

ಅತ್ತೆ ಅದನ್ನು ದೇವರ ಮನೆಗೆ ಒಯ್ಯಲಿಲ್ಲ. ನಾಲ್ಕಾಗಿ ಮಡಚಿ ಕೈಚೀಲಕ್ಕೆ ಹಾಕಿಕೊಂಡರು. “ಮುಂದಿನ ಸಭೆ ಯಾವತ್ತು ಅಂತ ಫೋನ್ ಮಾಡಿ ಕೇಳು. ಆ ಸ್ವೆಟ್ರು ಎಲ್ಲಿ ಮಡಗಿದ್ದೀಯೆ? ಎರಡೂ ತೆಗ್ದಿಡು, ಅಲ್ಲಿ ಚಳಿ.”